ಮನೆ ಪಕ್ಕ ಟವರ್ ಬಂದರೆ: ಅಮೆರಿಕದ ಊರುಗಳು ಏನು ಹೇಳಬಹುದು, ಏನು ಹೇಳುವಂತಿಲ್ಲ

ಅಂಚೆಡಬ್ಬಿಯಲ್ಲಿ ಒಂದು ಕಾಗದ ಬಂದಿರುತ್ತದೆ. ಕಳಿಸಿದವರು ಊರಿನ ಪ್ಲಾನಿಂಗ್ ಇಲಾಖೆಯವರು. ಮನೆಯಿಂದ ಕೂಗಳತೆ ದೂರದ ಖಾಲಿ ಜಾಗದಲ್ಲಿ 120 ಅಡಿ ಎತ್ತರದ ಮೊಬೈಲ್ ಟವರ್ ನಿಲ್ಲಿಸಲು ಅರ್ಜಿ ಬಂದಿದೆ, ಇಂಥ ದಿನ ಸಂಜೆ ಏಳಕ್ಕೆ ಸಾರ್ವಜನಿಕ ವಿಚಾರಣೆ ಇದೆ, ಹೇಳುವುದಿದ್ದರೆ ಬಂದು ಹೇಳಿ. ಅಮೆರಿಕದಲ್ಲಿ ಮನೆ ಮಾಡಿಕೊಂಡವರಿಗೆ ಇಂಥ ಕಾಗದ ಬರುವುದು ಅಪರೂಪವೇನಲ್ಲ. ಬಂದ ದಿನ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಗದ್ದಲ. "ಊರಿನವರು ಬೇಡ ಅಂದರೆ ಮುಗೀತು" ಅಂತ ಒಬ್ಬರು. "ಕಂಪನಿಯವರು ಹಾಕಿಯೇ ಹಾಕ್ತಾರೆ, ಸಭೆಗೆ ಹೋಗಿ ಏನು ಪ್ರಯೋಜನ" ಅಂತ ಇನ್ನೊಬ್ಬರು. ಇಬ್ಬರದೂ ಅರ್ಧ ಸರಿ, ಅರ್ಧ ತಪ್ಪು.

ಟವರ್ ಎಲ್ಲಿರಬೇಕು, ಎಷ್ಟು ಎತ್ತರ, ನೋಡಲು ಹೇಗಿರಬೇಕು ಅಂತ ಹೇಳುವ ಹಕ್ಕು ಊರಿಗಿದೆ. ಟವರೇ ಬೇಡ ಅನ್ನುವ ಹಕ್ಕಿಲ್ಲ. ಜಗಳವೆಲ್ಲ ನಡೆಯುವುದು ಈ ಎರಡರ ನಡುವೆ.

ಮೊದಲು, ಝೋನಿಂಗ್ ಅಂದರೆ ಏನು?

ಮನೆಯಲ್ಲಿ ಅಡುಗೆಗೆ ಒಂದು ಜಾಗ, ಮಲಗಲು ಒಂದು ಜಾಗ, ಸ್ನಾನಕ್ಕೆ ಒಂದು ಜಾಗ ಇರುತ್ತದೆ ಅಲ್ವಾ? ಊರಿಗೂ ಹಾಗೆ ಮಾಡುವುದೇ ಝೋನಿಂಗ್. ಊರಿನ ನಕ್ಷೆಯನ್ನು ಭಾಗ ಮಾಡಿ, ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಅಂತ ಗುರುತು ಹಾಕುತ್ತಾರೆ. ಅಮೆರಿಕದಲ್ಲಿ ಇಡೀ ನಗರಕ್ಕೆ ಇಂಥ ನಿಯಮವನ್ನು ಮೊದಲು ತಂದದ್ದು ನ್ಯೂಯಾರ್ಕ್, 1916ರಲ್ಲಿ. ಹತ್ತು ವರ್ಷದ ನಂತರ ಓಹಾಯೋದ ಯೂಕ್ಲಿಡ್ ಅನ್ನುವ ಊರಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಜಮೀನು ಇಟ್ಟುಕೊಂಡಿದ್ದ ಕಂಪನಿಯೊಂದು ಅದನ್ನು ಕಾರ್ಖಾನೆಗಳಿಗೆ ಮಾರಬೇಕು ಅಂದುಕೊಂಡಿತ್ತು. ಊರಿನ ನಿಯಮ ಅದಕ್ಕೆ ಅಡ್ಡ ಬಂತು. 1926ರಲ್ಲಿ ಕೋರ್ಟು ಊರಿನ ಪರ ತೀರ್ಪು ಕೊಟ್ಟಿತು. ಇವತ್ತಿಗೂ ಝೋನಿಂಗ್ ನಿಂತಿರುವುದು ಆ ತೀರ್ಪಿನ ಮೇಲೆ.

ನಿಯಮದ ಪುಸ್ತಕ ತೆರೆದರೆ ಪ್ರತಿ ವಲಯಕ್ಕೂ ಸುಮಾರಾಗಿ ಮೂರು ಬಗೆಯ ಉಪಯೋಗ ಕಾಣುತ್ತದೆ. ಕೇಳದೆಯೇ ಮಾಡಬಹುದಾದದ್ದು, ಮಾಡಲೇಬಾರದ್ದು, ಕೇಳಿ ಮಾಡಬೇಕಾದದ್ದು. ಮನೆಗಳಿರುವ ವಲಯದಲ್ಲಿ ಟವರ್ ಹೆಚ್ಚಾಗಿ ಈ ಮೂರನೆಯದರಲ್ಲಿ ಬರುತ್ತದೆ. ಅದಕ್ಕೆ ಬೇಕಾದ ಅನುಮತಿಯನ್ನು ಕೆಲವು ಊರುಗಳು ಕಂಡೀಶನಲ್ ಯೂಸ್ ಪರ್ಮಿಟ್ ಅನ್ನುತ್ತವೆ, ಕೆಲವು ಸ್ಪೆಶಲ್ ಯೂಸ್ ಪರ್ಮಿಟ್ ಅನ್ನುತ್ತವೆ. ಹೆಸರು ಬೇರೆ, ಕೆಲಸ ಒಂದೇ: ಷರತ್ತಿನ ಮೇಲೆ ಒಪ್ಪಿಗೆ. ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ, ವೇರಿಯನ್ಸ್. ನಿಯಮದಲ್ಲಿ 80 ಅಡಿ ಅಂತ ಇದ್ದಾಗ, ನಮಗೆ 100 ಅಡಿ ಬೇಕು, ವಿನಾಯಿತಿ ಕೊಡಿ ಅಂತ ಕೇಳುವುದು ವೇರಿಯನ್ಸ್.

ಊರಾಚೆ ಹಾಕಬಾರದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಟವರನ್ನು ಬೀದಿದೀಪ ಅಂದುಕೊಳ್ಳಿ. ಒಂದು ದೀಪ ಸುತ್ತ ಒಂದಷ್ಟು ಜಾಗಕ್ಕೆ ಬೆಳಕು ಕೊಡುತ್ತದೆ. ಆ ಜಾಗ ಮುಗಿಯುವ ಹೊತ್ತಿಗೆ ಇನ್ನೊಂದು ದೀಪ ಬೇಕು. ಒಂದು ಆಂಟೆನಾ ಬೆಳಗುವ ಜಾಗಕ್ಕೆ ಸೆಲ್ ಅನ್ನುತ್ತಾರೆ. ಸೆಲ್ ಫೋನ್ ಅನ್ನುವ ಹೆಸರು ಬಂದದ್ದೇ ಅಲ್ಲಿಂದ. ದೀಪ ಎಷ್ಟು ದೂರ ಬೆಳಗುತ್ತದೆ ಅನ್ನುವುದು ತರಂಗದ ಮೇಲೆ ನಿಂತಿದೆ. 600, 700 ಮೆಗಾಹರ್ಟ್ಸ್ ಆಸುಪಾಸಿನ ಕೆಳಗಿನ ತರಂಗಗಳು ಮೈಲಿಗಟ್ಟಲೆ ಹೋಗುತ್ತವೆ, ಗೋಡೆ ದಾಟಿ ಒಳಗೂ ಬರುತ್ತವೆ. 24 ಗಿಗಾಹರ್ಟ್ಸ್‌ಗಿಂತ ಮೇಲಿನವು ತುಂಬ ಡೇಟಾ ಹೊರುತ್ತವೆ, ಆದರೆ ದೂರ ಹೋಗುವುದಿಲ್ಲ. ಎಲೆ, ಗಾಜು, ಗೋಡೆ ಯಾವುದು ಅಡ್ಡ ಬಂದರೂ ಸೊರಗುತ್ತವೆ.

ದೂರದ ಮಾತು ಇಷ್ಟು. ಜನಸಂದಣಿಯ ಲೆಕ್ಕ ಬೇರೆ. ಒಂದು ಸೆಲ್ಲಿನಲ್ಲಿರುವವರೆಲ್ಲ ಒಂದೇ ನಲ್ಲಿಯ ನೀರನ್ನು ಹಂಚಿಕೊಂಡ ಹಾಗೆ. ಸಂಜೆ ಎಲ್ಲರೂ ವಿಡಿಯೋ ಹಾಕಿಕೊಂಡು ಕೂತರೆ ನೀರು ಸಣ್ಣಗಾಗುತ್ತದೆ. ಆಗ ಇರುವ ದಾರಿಗಳಲ್ಲಿ ಮುಖ್ಯವಾದದ್ದು ಸೆಲ್ಲನ್ನು ಒಡೆದು ಚಿಕ್ಕದು ಮಾಡಿ, ನಡುವೆ ಇನ್ನೊಂದು ಆಂಟೆನಾ ಹಾಕುವುದು. ಹೆದ್ದಾರಿಯ ಬದಿಯಲ್ಲಿ ಎಷ್ಟೇ ಎತ್ತರದ ಟವರ್ ನಿಲ್ಲಿಸಿದರೂ ಜನರಿರುವ ಬಡಾವಣೆಯ ಈ ತೊಂದರೆ ತೀರುವುದಿಲ್ಲ. ಫೋನು ಎಲ್ಲಿದೆಯೋ ಅಲ್ಲಿಗೆ ಟವರೂ ಬರಬೇಕಾಗುತ್ತದೆ. ಸಿಗ್ನಲ್ ಬೇಕು, ಟವರ್ ಕಣ್ಣಿಗೆ ಬೀಳಬಾರದು ಅನ್ನುವುದು ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಅಂದ ಹಾಗೆ. ತಪ್ಪೇನಿಲ್ಲ, ಎಲ್ಲರೂ ಹಾಗೇ.

ಊರಿನ ಕೈಯಲ್ಲಿ ಏನೇನಿದೆ

ಬೇಕಾದಷ್ಟಿದೆ. ಎತ್ತರಕ್ಕೆ ಮಿತಿ ಹಾಕಬಹುದು. ಗಡಿಯಿಂದ ಇಷ್ಟು ಅಡಿ ಬಿಡಬೇಕು ಅನ್ನಬಹುದು. ಮನೆ ಕಟ್ಟಿಸಿದವರಿಗೆ ಸೆಟ್‌ಬ್ಯಾಕ್ ಅನ್ನುವ ಮಾತು ಗೊತ್ತಿರುತ್ತದೆ, ಇದೂ ಅದೇ. ಟವರ್ ವಿಷಯದಲ್ಲಿ ಅನೇಕ ಊರುಗಳು ಸೆಟ್‌ಬ್ಯಾಕನ್ನು ಟವರಿನ ಎತ್ತರಕ್ಕೇ ಗಂಟು ಹಾಕುತ್ತವೆ. 120 ಅಡಿ ಟವರಾದರೆ ಸುತ್ತ 120 ಅಡಿ ಖಾಲಿ ಇರಬೇಕು. ಬಿದ್ದರೆ ತನ್ನ ಜಾಗದಲ್ಲೇ ಬೀಳಲಿ ಅಂತ.

ಹೊಸ ಟವರ್ ಕಟ್ಟುವ ಮೊದಲು ಇರುವ ಟವರಿನಲ್ಲೇ ಜಾಗ ಸಿಗುತ್ತದಾ ನೋಡಿ ಅಂತಲೂ ಊರು ಕೇಳಬಹುದು. ಒಂದೇ ಕಂಬದಲ್ಲಿ ಎರಡು ಮೂರು ಕಂಪನಿಗಳ ಆಂಟೆನಾ ಇರುವುದಕ್ಕೆ ಕೋಲೊಕೇಶನ್ ಅನ್ನುತ್ತಾರೆ. ಒಂದು ಮರದಲ್ಲಿ ನಾಲ್ಕು ಹಕ್ಕಿಗಳ ಗೂಡು ಇದ್ದ ಹಾಗೆ. ಬಳಕೆ ನಿಂತ ಮೇಲೆ ಟವರನ್ನು ಕಿತ್ತು ಹಾಕಬೇಕು, ಅದರ ಖರ್ಚಿಗೆ ಮೊದಲೇ ಬಾಂಡ್ ಇಡಬೇಕು ಅನ್ನುವ ಊರುಗಳೂ ಇವೆ. ಬುದ್ಧಿವಂತಿಕೆಯ ನಿಯಮ ಇದು, ಕಂಪನಿ ಮುಳುಗಿದರೆ ಕಬ್ಬಿಣ ಊರಿನ ತಲೆಗೆ ಬರುವುದಿಲ್ಲ.

ನೋಟದ ವಿಷಯಕ್ಕೆ ಬಂದರೆ ಕಥೆ ಸ್ವಾರಸ್ಯವಾಗಿದೆ. ಟವರನ್ನು ಚರ್ಚಿನ ಗೋಪುರದೊಳಗೆ ಅಡಗಿಸಬಹುದು, ಧ್ವಜಸ್ತಂಭದ ಹಾಗೆ ಮಾಡಬಹುದು, ಪೈನ್ ಮರದ ವೇಷ ಹಾಕಿಸಬಹುದು. ಈ ಸುಳ್ಳು ಪೈನ್ ಮರಗಳಿಗೆ ಮೋನೋಪೈನ್ ಅಂತ ಹೆಸರು. ಸುತ್ತಲಿನ ಮರಗಳಿಗಿಂತ ಎರಡು ಪಟ್ಟು ಎತ್ತರದಲ್ಲಿ, ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ನಿಂತ ಮೋನೋಪೈನ್ ನೋಡಿದವರಿಗೆ, ಬರೀ ಕಂಬವೇ ವಾಸಿಯಿತ್ತೇನೋ ಅನ್ನಿಸಿದರೆ ಆಶ್ಚರ್ಯವಿಲ್ಲ. ಟವರ್ ಎಲ್ಲೆಲ್ಲಿಂದ ಕಾಣುತ್ತದೆ ಅಂತ ಮೊದಲೇ ತಿಳಿಯಲು ಬಲೂನ್ ಪರೀಕ್ಷೆ ಇದೆ. ಟವರಿನ ಎತ್ತರಕ್ಕೆ ಬಣ್ಣದ ಬಲೂನ್ ಹಾರಿಸಿ, ಬೇರೆ ಬೇರೆ ಬೀದಿಗಳಿಂದ ಫೋಟೋ ತೆಗೆಯುತ್ತಾರೆ. ಸರಳ, ಆದರೆ ನಕ್ಷೆಗಿಂತ ಚೆನ್ನಾಗಿ ಮನವರಿಕೆ ಮಾಡುತ್ತದೆ.

ಕೆಲವು ಕಡೆ 195, 199 ಅಡಿಯ ಟವರುಗಳು ಕಾಣುವುದು ಊರಿನ ನಿಯಮದಿಂದಲ್ಲ. 200 ಅಡಿ ದಾಟಿದರೆ ವಿಮಾನಯಾನ ಇಲಾಖೆಗೆ ತಿಳಿಸಬೇಕು, ಸಾಮಾನ್ಯವಾಗಿ ದೀಪ, ಬಣ್ಣದ ಪಟ್ಟೆ ಎಲ್ಲ ಹಾಕಬೇಕಾಗುತ್ತದೆ. ಒಂದಡಿ ಕಡಿಮೆ ಮಾಡಿದರೆ ಆ ರಗಳೆ ಇಲ್ಲ.

1996ರ ಕಾನೂನು

ತೊಂಬತ್ತರ ದಶಕದಲ್ಲಿ ಮೊಬೈಲ್ ಹರಡುತ್ತಿದ್ದಾಗ ಕಂಪನಿಗಳು ಒಂದೊಂದು ಊರಿನಲ್ಲೂ ಒಂದೊಂದು ನಿಯಮಕ್ಕೆ ತಲೆ ಕೊಡಬೇಕಾಯಿತು. ಕಂಪನಿಗಳಿಗೆ ಬೇಕಾಗಿದ್ದದ್ದು ದೇಶಕ್ಕೆಲ್ಲ ಒಂದೇ ನಿಯಮ. ಊರುಗಳಿಗೆ ತಮ್ಮ ಅಧಿಕಾರ ಬಿಡಲು ಇಷ್ಟವಿರಲಿಲ್ಲ. 1996ರ ಫೆಬ್ರವರಿ 8ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಟೆಲಿಕಮ್ಯುನಿಕೇಶನ್ಸ್ ಕಾಯ್ದೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ರೀತಿಯದು. ಟವರ್ ಎಲ್ಲಿರಬೇಕು ಅನ್ನುವ ತೀರ್ಮಾನ ಊರಿನದೇ ಅಂತ ಅದು ಒಪ್ಪಿಕೊಂಡಿತು. ಜೊತೆಗೆ ಐದು ಗೆರೆ ಎಳೆಯಿತು.

ಒಂದೇ ಬಗೆಯ ಸೇವೆ ಕೊಡುವ ಕಂಪನಿಗಳ ನಡುವೆ ಕಾರಣವಿಲ್ಲದೆ ಭೇದ ಮಾಡಬಾರದು. ಸೇವೆಯನ್ನೇ ತಡೆಯಬಾರದು, ನೇರವಾಗಿ ಹೇಳದೆ ತಡೆದಂತಾಗುವ ಹಾಗೂ ಮಾಡಬಾರದು. ಅರ್ಜಿಯನ್ನು ಸರಿಯಾದ ಸಮಯದೊಳಗೆ ತೀರ್ಮಾನಿಸಬೇಕು. ಬೇಡ ಅನ್ನುವುದಾದರೆ ಬರವಣಿಗೆಯಲ್ಲಿ ಹೇಳಬೇಕು, ಅದಕ್ಕೆ ದಾಖಲೆಯಲ್ಲಿ ಗಟ್ಟಿ ಆಧಾರ ಇರಬೇಕು. ಆಂಟೆನಾದ ವಿಕಿರಣವು ಕೇಂದ್ರ ಸರ್ಕಾರ ಹಾಕಿದ ಮಿತಿಯೊಳಗಿದ್ದರೆ ಆ ಕಾರಣಕ್ಕೆ ಟವರನ್ನು ತಡೆಯಬಾರದು.

ಎರಡನೆಯ ಗೆರೆಯೇ ಎಲ್ಲಕ್ಕಿಂತ ಹೆಚ್ಚು ಎಳೆದಾಡಿಸಿಕೊಂಡದ್ದು. ಒಂದು ಅರ್ಜಿ ತಿರಸ್ಕರಿಸಿದರೆ ಸೇವೆಯನ್ನೇ ತಡೆದ ಹಾಗಾಗುತ್ತದಾ? ಕೆಲವು ಫೆಡರಲ್ ಕೋರ್ಟುಗಳು ಎರಡು ಪ್ರಶ್ನೆ ಕೇಳುತ್ತಾ ಬಂದಿವೆ. ಕಂಪನಿಯ ಸಿಗ್ನಲ್‌ನಲ್ಲಿ ನಿಜಕ್ಕೂ ದೊಡ್ಡ ಕಂಡಿ ಇದೆಯಾ? ಆ ಕಂಡಿ ಮುಚ್ಚಲು ಇದೇ ಎಲ್ಲಕ್ಕಿಂತ ಕಡಿಮೆ ಕಿರಿಕಿರಿಯ ದಾರಿಯಾ? ಇನ್ನು ಕೆಲವು ಕೋರ್ಟುಗಳು ಇನ್ನೂ ಬಿಗಿ, ಬೇರೆ ಯಾವ ದಾರಿಯೂ ಇಲ್ಲ ಅಂತ ಕಂಪನಿಯೇ ತೋರಿಸಬೇಕು ಅನ್ನುತ್ತವೆ. ದೂರಸಂಪರ್ಕವನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, 2018ರಲ್ಲಿ ಕಂಪನಿಗಳಿಗೆ ಸಡಿಲವಾದ ಅರ್ಥ ಕೊಟ್ಟಿತು: ಕಂಡಿಯೇ ಇರಬೇಕೆಂದಿಲ್ಲ, ಸೇವೆಯನ್ನು ಉತ್ತಮಪಡಿಸಲು ಊರಿನ ನಿಯಮ ದೊಡ್ಡ ಅಡ್ಡಿಯಾದರೂ ಸಾಕು. ಹಾಗಾಗಿ ಒಂದೇ ಪ್ರಶ್ನೆಗೆ ಊರು ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆ ಅನ್ನುವುದರ ಮೇಲೆ ಉತ್ತರ ಬದಲಾಗಬಹುದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಕಾನೂನು ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ. ಟವರ್ ಕಂಪನಿ ಜಾಗವನ್ನು ಬಾಡಿಗೆಗೆ ಹಿಡಿಯಬೇಕು. ಚರ್ಚು, ಶಾಲೆ, ಹೊಲ, ಯಾರದ್ದೇ ಆಗಲಿ, ಮಾಲೀಕರು ಕೊಡಲ್ಲ ಅಂದರೆ ಅಲ್ಲಿಗೆ ಮುಗೀತು.

ಯಾಕೆ ಬೇಡ ಅಂತ ಬರೆದುಕೊಡಿ

ಜಾರ್ಜಿಯಾದ ರಾಸ್ವೆಲ್ ನಗರದಲ್ಲಿ ಟಿ-ಮೊಬೈಲ್ ಕಂಪನಿ 108 ಅಡಿಯ ಟವರಿಗೆ ಅರ್ಜಿ ಹಾಕಿತ್ತು, ಮರದ ವೇಷದ್ದು. ಜಾಗ ಮನೆಗಳ ವಲಯದ 2.8 ಎಕರೆ ಖಾಲಿ ನಿವೇಶನ. 2010ರ ಏಪ್ರಿಲ್‌ನಲ್ಲಿ ನಗರಸಭೆ ಎರಡು ಗಂಟೆ ವಿಚಾರಣೆ ನಡೆಸಿತು. ಸದಸ್ಯರು ಒಬ್ಬೊಬ್ಬರಾಗಿ ತಮ್ಮ ಅಭಿಪ್ರಾಯ ಹೇಳಿ, ಅರ್ಜಿ ಬೇಡ ಅಂತ ತೀರ್ಮಾನಿಸಿದರು. ಎರಡು ದಿನದಲ್ಲಿ ಕಂಪನಿಗೆ ಪತ್ರ ಹೋಯಿತು. ಪತ್ರದಲ್ಲಿ ಇದ್ದದ್ದು ಇಷ್ಟೇ: ಅರ್ಜಿ ತಿರಸ್ಕೃತವಾಗಿದೆ, ನಡಾವಳಿಯನ್ನು ಕಚೇರಿಯಿಂದ ಪಡೆಯಬಹುದು. ಕಾರಣ ಒಂದೂ ಇಲ್ಲ. ನಡಾವಳಿ ಸಿದ್ಧವಾದದ್ದು ಪತ್ರ ಹೋದ 26 ದಿನದ ನಂತರ.

26 ದಿನ ಯಾಕೆ ಮುಖ್ಯ? ಈ ಕಾನೂನಿನಡಿ ಕೋರ್ಟಿಗೆ ಹೋಗಲು ಇರುವುದೇ 30 ದಿನ. ಕಾರಣ ಗೊತ್ತಾದ ಮೇಲೆ ಉಳಿದದ್ದು ನಾಲ್ಕೇ ದಿನ. ಪ್ರಕರಣ ಸುಪ್ರೀಂ ಕೋರ್ಟು ಮುಟ್ಟಿತು. 2015ರ ಜನವರಿಯಲ್ಲಿ ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಬಹುಮತದ ತೀರ್ಪು ಬರೆದರು. ಕಾರಣಗಳು ತಿರಸ್ಕಾರದ ಪತ್ರದಲ್ಲೇ ಇರಬೇಕೆಂದಿಲ್ಲ, ನಡಾವಳಿಯಲ್ಲಿದ್ದರೂ ಆದೀತು. ಉದ್ದುದ್ದ ಬರೆಯಬೇಕೆಂದೂ ಇಲ್ಲ. ಆದರೆ ಪತ್ರದ ಜೊತೆಜೊತೆಗೇ ಸಿಗಬೇಕು. ರಾಸ್ವೆಲ್ ಅದನ್ನು ಮಾಡಿರಲಿಲ್ಲ, ಸೋತಿತು. ಟವರ್ ಅಲ್ಲಿ ಚೆಂದವೋ ಅಲ್ಲವೋ ಅನ್ನುವುದನ್ನು ಆ ತೀರ್ಪು ನೋಡಲೇ ಇಲ್ಲ. ಅಂದಿನಿಂದ ಎಚ್ಚರದ ಊರುಗಳು ಮತ ಹಾಕಿ ತೀರ್ಮಾನ ಮಾಡಿದರೂ, ಕಾರಣಗಳು ಬರವಣಿಗೆಯಲ್ಲಿ ಸಿದ್ಧವಾಗುವವರೆಗೆ ಪತ್ರ ಕಳಿಸುವುದಿಲ್ಲ.

ವಿಕಿರಣದ ಮಾತು ಯಾಕೆ ಲೆಕ್ಕಕ್ಕಿಲ್ಲ

ಸಭೆಗೆ ಬರುವವರಲ್ಲಿ ಅನೇಕರಿಗೆ ಇರುವ ಭಯ ಇದೇ. ಮಕ್ಕಳಿಗೆ ಏನಾದರೂ ಆದರೆ? ಸಭೆಯ ಅಧ್ಯಕ್ಷರು "ಅದನ್ನು ನಾವು ಪರಿಗಣಿಸುವಂತಿಲ್ಲ" ಅಂದಾಗ ಜನರಿಗೆ ಕೋಪ ಬರುತ್ತದೆ. ಅಧ್ಯಕ್ಷರು ಉಡಾಫೆಯಿಂದ ಹೇಳುತ್ತಿಲ್ಲ, ಕಾನೂನು ಅವರ ಬಾಯಿ ಕಟ್ಟಿದೆ.

ರೇಡಿಯೋ ತರಂಗ ಎಷ್ಟಿರಬಹುದು ಅಂತ ಎಫ್‌ಸಿಸಿ 1996ರಲ್ಲಿ ಮಿತಿ ಹಾಕಿದೆ. 1500 ಮೆಗಾಹರ್ಟ್ಸ್‌ಗಿಂತ ಮೇಲೆ ಜನಸಾಮಾನ್ಯರಿಗೆ ಇರುವ ಮಿತಿ ಚದರ ಸೆಂಟಿಮೀಟರಿಗೆ 1 ಮಿಲಿವಾಟ್. ಆಂಟೆನಾದಿಂದ ದೂರ ಹೋದ ಹಾಗೆ ತೀವ್ರತೆ ಬೇಗ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗ. ಅದೂ ಅಲ್ಲದೆ ಆಂಟೆನಾದ ತರಂಗ ಹೆಚ್ಚಾಗಿ ಅಡ್ಡಕ್ಕೆ ಹೋಗುತ್ತದೆ, ನೇರ ಕೆಳಕ್ಕೆ ಕಡಿಮೆ. ಮಿತಿಯೊಳಗಿದೆ ಅಂತ ತೋರಿಸಿ ಎಂದು ಊರು ಕಂಪನಿಯನ್ನು ಕೇಳಬಹುದು. ತೋರಿಸಿದ ಮೇಲೆ, ಮಿತಿಯೇ ಸರಿಯಿಲ್ಲ ಅಂತ ಊರು ವಾದ ಮಾಡುವಂತಿಲ್ಲ.

ಹಾಗಂತ ಮಿತಿಯ ಬಗ್ಗೆ ಯಾರೂ ಪ್ರಶ್ನೆ ಎತ್ತಿಲ್ಲ ಅಂತಲ್ಲ. ಮಿತಿ ಬದಲಿಸಬೇಕಿಲ್ಲ ಅಂತ ಎಫ್‌ಸಿಸಿ 2019ರಲ್ಲಿ ಹೇಳಿತ್ತು. ವಾಷಿಂಗ್ಟನ್ ಡಿಸಿಯ ಮೇಲ್ಮನವಿ ಕೋರ್ಟು 2021ರ ಆಗಸ್ಟ್‌ನಲ್ಲಿ ಅದನ್ನು ಹಿಂದಕ್ಕೆ ಕಳಿಸಿತು. ಮಿತಿ ತಪ್ಪು ಅಂತ ಕೋರ್ಟು ಹೇಳಲಿಲ್ಲ. ಕ್ಯಾನ್ಸರ್ ಬಿಟ್ಟು ಬೇರೆ ಪರಿಣಾಮಗಳ ಬಗ್ಗೆ ಮುಂದಿಟ್ಟ ಪುರಾವೆಗೆ ಸರಿಯಾದ ಉತ್ತರ ಕೊಟ್ಟಿಲ್ಲ, ವಿವರಿಸಿ ಅಂದಿತು. ಅಂದರೆ ಆ ವಾದ ನಡೆಯುವ ಜಾಗ ವಾಷಿಂಗ್ಟನ್. ಊರಿನ ಸಭೆಯಲ್ಲಿ ಅದನ್ನೇ ಹಿಡಿದು ಕೂತರೆ ಊರಿಗೇ ಪೆಟ್ಟು. ತಿರಸ್ಕಾರಕ್ಕೆ ನಿಜವಾದ ಕಾರಣ ವಿಕಿರಣವೇ ಅಂತ ಕೋರ್ಟಿಗೆ ಅನ್ನಿಸಿದರೆ ತೀರ್ಮಾನ ಬಿದ್ದುಹೋಗಬಹುದು.

ಗಡಿಯಾರ ಓಡುತ್ತಿರುತ್ತದೆ

ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಸಿಕ್ಕ ತಂಡ ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಅದರ ಗಡಿಯಾರಕ್ಕೆ ಶಾಟ್ ಕ್ಲಾಕ್ ಅನ್ನುತ್ತಾರೆ. ಟವರ್ ಅರ್ಜಿಗೂ ಅದೇ ಹೆಸರಿನ ಗಡಿಯಾರವಿದೆ. ಕಾಯ್ದೆ ಸುಮ್ನೆ "ಸರಿಯಾದ ಸಮಯ" ಅಂದಿತ್ತು. ಎಫ್‌ಸಿಸಿ 2009ರಲ್ಲಿ ಅದಕ್ಕೆ ಅಂಕಿ ಹಾಕಿತು: ಇರುವ ಕಂಬಕ್ಕೆ ಆಂಟೆನಾ ಸೇರಿಸಲು 90 ದಿನ, ಹೊಸ ಟವರಿಗೆ 150 ದಿನ. ಟೆಕ್ಸಸ್‌ನ ಆರ್ಲಿಂಗ್ಟನ್ ನಗರ ಇದನ್ನು ಪ್ರಶ್ನಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಎಫ್‌ಸಿಸಿ ಪರ ನಿಂತಿತು. ಅರ್ಜಿಯಲ್ಲಿ ಕೊರತೆ ಇದ್ದರೆ ಊರು ಮೊದಲ 30 ದಿನದೊಳಗೆ ಬರೆದು ತಿಳಿಸಬೇಕು, ಆಗ ಗಡಿಯಾರ ನಿಲ್ಲುತ್ತದೆ. ಆ 30 ದಿನ ಸುಮ್ನೆ ಕಳೆದುಕೊಂಡ ಊರುಗಳು ಆಮೇಲೆ ಪರದಾಡುತ್ತವೆ.

ನಿಂತ ಟವರ್ ಬೆಳೆಯುತ್ತದೆ

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇದು. 2012ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಇನ್ನೊಂದು ಕಾನೂನು ಮಾಡಿತು. ಅದರ 6409ನೆಯ ಸೆಕ್ಷನ್ ಪ್ರಕಾರ, ಈಗಾಗಲೇ ಇರುವ ಟವರಿನ ಗಾತ್ರವನ್ನು "ಗಣನೀಯವಾಗಿ" ಬದಲಿಸದ ಯಾವ ಮಾರ್ಪಾಡನ್ನೂ ಊರು ಒಪ್ಪಲೇಬೇಕು. 60 ದಿನದಲ್ಲಿ ಉತ್ತರ ಕೊಡದಿದ್ದರೆ ಒಪ್ಪಿದ ಹಾಗೇ ಲೆಕ್ಕ.

ಗಣನೀಯ ಅಂದರೆ ಎಷ್ಟು? ಖಾಸಗಿ ಜಾಗದಲ್ಲಿರುವ ಟವರಾದರೆ ಎತ್ತರದ ಹತ್ತನೇ ಒಂದು ಭಾಗ, ಅಥವಾ ಇರುವ ಆಂಟೆನಾದಿಂದ 20 ಅಡಿಯವರೆಗೆ ಬಿಟ್ಟು ಮೇಲೆ ಇನ್ನೊಂದು ಸಾಲು ಆಂಟೆನಾ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟರವರೆಗೆ ಸರಿ. ಹಾಗಾಗಿ ಊರು 100 ಅಡಿಗೆ ಒಪ್ಪಿದ ಟವರ್ ಮುಂದೆ 120 ಅಡಿ ದಾಟಬಹುದು, ವಿಚಾರಣೆಯೇ ಇಲ್ಲದೆ. ಈ ಲೆಕ್ಕ ಮೂಲ ಎತ್ತರದಿಂದ, ಪ್ರತಿ ಸಲ ಹೊಸದಾಗಿ ಅಲ್ಲ. ಒಂದು ತಡೆಯೂ ಇದೆ: ಮರದ ವೇಷ, ಗೋಪುರದ ವೇಷ ಹಾಕಿಸಿ ಅನುಮತಿ ಕೊಟ್ಟಿದ್ದರೆ ಆ ವೇಷ ಕೆಡಿಸುವ ಬದಲಾವಣೆಗೆ ಊರು ಇಲ್ಲ ಅನ್ನಬಹುದು. ಅದಕ್ಕೇ, 100 ಅಡಿ ಸಹಿಸಬಹುದು ಅನ್ನಿಸಿದವರು ಸಹಿಸಬೇಕಾದದ್ದು 120 ಅಡಿಯನ್ನು ಅಂದುಕೊಂಡೇ ಸಭೆಗೆ ಹೋಗುವುದು ಒಳ್ಳೆಯದು.

ಬೀದಿ ಕಂಬದ ಮೇಲಿನ ಡಬ್ಬಿ

ಈಗ ಅನೇಕ ಕಡೆ ಬರುತ್ತಿರುವುದು ಟವರಲ್ಲ, ದೀಪದ ಕಂಬಕ್ಕೆ ಕಟ್ಟಿದ ಡಬ್ಬಿಗಳು. ಸ್ಮಾಲ್ ಸೆಲ್ ಅನ್ನುತ್ತಾರೆ. ಆಂಟೆನಾ 3 ಘನ ಅಡಿಯೊಳಗೆ, ಉಳಿದ ಸಾಮಾನು 28 ಘನ ಅಡಿಯೊಳಗೆ ಇರಬೇಕು. ಕಂಬ ಸಾಮಾನ್ಯವಾಗಿ 50 ಅಡಿ ಮೀರಬಾರದು. 2018ರಲ್ಲಿ ಎಫ್‌ಸಿಸಿ ಇವುಗಳ ಗಡಿಯಾರವನ್ನು ಇನ್ನೂ ಬಿಗಿ ಮಾಡಿತು: ಇರುವ ಕಂಬಕ್ಕೆ 60 ದಿನ, ಹೊಸ ಕಂಬಕ್ಕೆ 90. ಊರು ಪಡೆಯುವ ಶುಲ್ಕ ಅದರ ನಿಜವಾದ ಖರ್ಚಿಗೆ ತಕ್ಕಷ್ಟಿರಬೇಕು ಅಂದಿತು. ವರ್ಷಕ್ಕೆ ಒಂದು ಡಬ್ಬಿಗೆ 270 ಡಾಲರ್‌ವರೆಗೆ ಆದರೆ ತಕರಾರಿಲ್ಲ. ಅದಕ್ಕಿಂತ ಜಾಸ್ತಿ ಕೇಳುವ ಊರು ಖರ್ಚಿನ ಲೆಕ್ಕ ತೋರಿಸಬೇಕು.

ಪೋರ್ಟ್‌ಲ್ಯಾಂಡ್ ಮುಂತಾದ ನಗರಗಳು ಕೋರ್ಟಿಗೆ ಹೋದವು. 2020ರಲ್ಲಿ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟಾದ ಒಂಬತ್ತನೇ ಸರ್ಕಿಟ್ ಕೋರ್ಟು ಶುಲ್ಕ, ಗಡಿಯಾರ ಎರಡನ್ನೂ ಎತ್ತಿ ಹಿಡಿಯಿತು. ಅಂದಚೆಂದದ ಬಗ್ಗೆ ಊರುಗಳಿಗೆ ಹಾಕಿದ್ದ ಕಟ್ಟುಗಳಲ್ಲಿ ಕೆಲವನ್ನು ಮಾತ್ರ ಬಿಡಿಸಿತು. ಈ ಕಥೆಗೆ 2024ರಲ್ಲಿ ಇನ್ನೊಂದು ತಿರುವು ಬಂತು. ಕಾನೂನಿನ ಮಾತು ಅಸ್ಪಷ್ಟವಾಗಿದ್ದಾಗ ಸರ್ಕಾರಿ ಸಂಸ್ಥೆ ಕೊಟ್ಟ ಅರ್ಥವನ್ನೇ ಕೋರ್ಟು ಒಪ್ಪಬೇಕು ಅನ್ನುವ ನಲವತ್ತು ವರ್ಷದ ಹಳೆಯ ತತ್ವವನ್ನು ಸುಪ್ರೀಂ ಕೋರ್ಟು ಕೈಬಿಟ್ಟಿತು. ಆರ್ಲಿಂಗ್ಟನ್ ಪ್ರಕರಣದಲ್ಲಿ ಎಫ್‌ಸಿಸಿ ಗೆದ್ದದ್ದು ಅದೇ ತತ್ವದ ಬಲದಿಂದ.

ಮೈಕಿನ ಮುಂದೆ

ವಿಚಾರಣೆಯ ಸಭೆಯಲ್ಲಿ ಮಾತಾಡಲು ಸಿಗುವುದು ಕೆಲವೇ ನಿಮಿಷ. "ಅಸಹ್ಯವಾಗಿ ಕಾಣುತ್ತೆ" ಅಂದರೆ ದಾಖಲೆಯಲ್ಲಿ ಅದು ಬರೀ ಅಭಿಪ್ರಾಯ. ಬಲೂನ್ ಹಾರಿಸಿದ ದಿನ ಅಡುಗೆಮನೆಯ ಕಿಟಕಿಯಿಂದ ತೆಗೆದ ಫೋಟೋ ಕೊಟ್ಟರೆ ಅದು ಪುರಾವೆ. "ಮನೆ ಬೆಲೆ ಬೀಳುತ್ತೆ" ಅಂದರೆ ಸಾಲದು, ಆ ಬೀದಿಗೆ ಹೊಂದುವ ಅಂದಾಜುಗಾರರ ವರದಿ ಬೇಕು. ಬೆಲೆ ಬೀಳುವುದು ವಿಕಿರಣದ ಭಯದಿಂದ ಅಂತ ಬಾಯಿ ತಪ್ಪಿ ಹೇಳಿದರೆ ಅದೂ ಲೆಕ್ಕಕ್ಕೆ ಬರದೆ ಹೋಗಬಹುದು. ಊರಿನ ನಿಯಮದ ಯಾವ ಸಾಲನ್ನು ಈ ಟವರ್ ಮೀರುತ್ತದೆ ಅಂತ ತೋರಿಸಿದರೆ ಮಾತಿಗೆ ತೂಕ ಬರುತ್ತದೆ. ಇನ್ನೂ ತೂಕದ್ದು ಪರ್ಯಾಯ ಜಾಗ: ಅರ್ಧ ಮೈಲಿ ಆಚೆಯ ನೀರಿನ ಟ್ಯಾಂಕಿನ ಮೇಲೆ ಯಾಕೆ ಆಗಲ್ಲ, ಅಲ್ಲಿ ಜಾಗ ಕೇಳಿದ್ದೀರಾ, ಕೇಳಿದ ಪತ್ರ ತೋರಿಸಿ ಅಂತ ಕೇಳಿದರೆ ಕಂಪನಿಯ ಎಂಜಿನಿಯರು ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರವೂ ನಡಾವಳಿಗೆ ಹೋಗುತ್ತದೆ. ಪ್ರಕರಣ ಮುಂದೆ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಮುಖ್ಯವಾಗಿ ತೆರೆದು ನೋಡುವುದು ಆ ನಡಾವಳಿಯನ್ನೇ.